ಪದವಿನ ಕೆಳಗಿನ ಧ್ವನಿಗಳು

ಕಲ್ಲಿನ ಕೋರೆಯ ಗುತ್ತಿಗೆ ನವೀಕರಣಕ್ಕೆ ಅರ್ಜಿ ಹಾಕುವಾಗ ಸುತ್ತಮುತ್ತಲಿನ ಬಾವಿಗಳ ನೀರಿನ ಮಟ್ಟವನ್ನೂ ಅಳೆದು ಕೊಡಬೇಕು. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ. ಮಂಗಳೂರಿನ ಒಂದು ಸಣ್ಣ ಕಚೇರಿಯಲ್ಲಿ ಇಂಥ ಅರ್ಜಿಗಳ ಪರಿಸರ ವರದಿ ಬರೆಯುವ ಕೆಲಸ ನನ್ನದಾಗಿತ್ತು. ಎರಡು ಸಾವಿರನೇ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮೊಬೈಲು ಬಂದಿತ್ತು, ಆದರೆ ಪೇಟೆ ದಾಟಿದರೆ ಸಿಗ್ನಲ್ ಇರುತ್ತಿರಲಿಲ್ಲ. ಟೇಪು, ಅದರ ತುದಿಗೆ ಕಟ್ಟುವ ಸೀಸದ ಗುಂಡು, ಒಂದು ನಕ್ಷೆ, ನೀರಿನ ಬಾಟಲಿ ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ನಾನು ಬಸ್ಸು ಹತ್ತುತ್ತಿದ್ದೆ.

ಆ ಸಲದ ಕೋರೆ ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆದರೆ ಸಿಗುವ ಒಂದು ಪದವಿನ ಮೇಲಿತ್ತು. ಪದವು ಎಂದರೆ ಮರಗಳಿಲ್ಲದ ಚಪ್ಪಟೆ ಗುಡ್ಡ. ಬೇಸಿಗೆಯಲ್ಲಿ ಅದರ ಮುರಕಲ್ಲಿನ ನೆತ್ತಿ ಸುಟ್ಟ ಕಾವಲಿಯಂತೆ ಕಪ್ಪಾಗಿರುತ್ತದೆ. ಒಳಗಿನ ಕೆಂಪುಕಲ್ಲನ್ನು ಯಂತ್ರದಿಂದ ಕೊಯ್ದು ಮನೆ ಕಟ್ಟುವವರಿಗೆ ಮಾರುತ್ತಿದ್ದರು. ಯಜಮಾನರು ಬಂಟ್ವಾಳ ಪೇಟೆಯಲ್ಲಿ ಸಿಮೆಂಟಿನ ಅಂಗಡಿಯಿದ್ದ ಬ್ಯಾರಿ ವ್ಯಾಪಾರಿ. ಗಲ್ಫಿನಲ್ಲಿ ದುಡಿದು, ಹಜ್ ಮುಗಿಸಿ ಊರಿಗೆ ಮರಳಿದವರು. ಎಲ್ಲರೂ ಅವರನ್ನು ಹಾಜಿಯವರೆಂದೇ ಕರೆಯುತ್ತಿದ್ದರು.

ಮೊದಲ ದಿನ ಅವರೇ ನನ್ನನ್ನು ಕೋರೆಯ ಅಂಚಿನಲ್ಲಿ ನಿಲ್ಲಿಸಿ ಹೆಮ್ಮೆಯಿಂದ ತೋರಿಸಿದರು. "ಮೇಡಂ, ಬೇರೆ ಕೋರೆಯವರು ಮಳೆಗಾಲ ಮುಗಿದ ಮೇಲೆ ಪಂಪು ಇಟ್ಟು ವಾರಗಟ್ಟಲೆ ನೀರು ಖಾಲಿ ಮಾಡ್ಬೇಕು. ನಮ್ಮದರಲ್ಲಿ ನೀರೇ ನಿಲ್ಲುದಿಲ್ಲ. ಎಷ್ಟು ಮಳೆ ಹೊಡೆದ್ರೂ ಎರಡು ದಿನದಲ್ಲಿ ತಳ ಕಾಣ್ತದೆ."

"ಆ ನೀರು ಎಲ್ಲಿಗೆ ಹೋಗ್ತದೆ ಹಾಜಿಯವರೇ?"

"ಅದನ್ನು ನೀರಿಗೇ ಕೇಳ್ಬೇಕು," ಎಂದು ನಕ್ಕರು. ನಾನೂ ನಕ್ಕೆ.

ಗುತ್ತಿಗೆ ಮೇ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ವರದಿ ಸಲ್ಲಿಸಿ, ಗಣಿ, ಕಂದಾಯ, ಅರಣ್ಯ ಇಲಾಖೆಗಳ ಜಂಟಿ ತಪಾಸಣೆ ಆಗದಿದ್ದರೆ ಕೋರೆ ದೀಪಾವಳಿಯವರೆಗೆ ಮುಚ್ಚಿರಬೇಕಾಗುತ್ತಿತ್ತು. ಕೆಲಸಗಾರರು ಬೇರೆ ಊರು ಹುಡುಕಿಕೊಂಡು ಹೋಗುತ್ತಿದ್ದರು. ಹಾಗಾಗಿ ಎಲ್ಲರಿಗೂ ಅವಸರ.

ಪದವಿನ ಪೂರ್ವದ ಇಳಿಜಾರು ಮುಗಿಯುವಲ್ಲಿ ಒಂದು ಹಳೆಯ ಸಣ್ಣ ಬಸದಿ ಇದೆ. ಅದರ ಪಕ್ಕದಲ್ಲಿ ಪೂಜೆ ಮಾಡುವ ಇಂದ್ರರ ಮನೆ. ಜೈನ ಬಸದಿಯ ಪುರೋಹಿತರನ್ನು ನಮ್ಮಲ್ಲಿ ಇಂದ್ರರು ಎನ್ನುತ್ತಾರೆ. ನಾನು ಹೋದಾಗ ಇಂದ್ರರು ಬೆಳ್ತಂಗಡಿಗೆ ಹೋಗಿದ್ದರು. ಅವರ ಹೆಂಡತಿ ಬಾವಿಕಟ್ಟೆಯಲ್ಲಿ ಕೊಡದ ಬಾಯಿಗೆ ಬಿಳಿಬಟ್ಟೆ ಕಟ್ಟಿ ನೀರು ಸೋಸುತ್ತಿದ್ದರು. ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ನಾನು ಬಂದ ಕೆಲಸ ಹೇಳಿ ಟೇಪು ಇಳಿಸತೊಡಗಿದೆ.

"ನಿಧಾನ ಇಳಿಸಿ," ಎಂದರು. "ಒಳಗೆ ಜನ ಮಾತಾಡ್ತಾರೆ."

ತಮಾಷೆ ಮಾಡುತ್ತಿದ್ದಾರೆಂದುಕೊಂಡು ತಲೆಯೆತ್ತಿ ನೋಡಿದೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ಬೆರಳಿನಿಂದ ಬಾವಿಯೊಳಗೆ ತೋರಿಸಿದರು. ನಾನು ಕಟ್ಟೆಯ ಮೇಲೆ ಬಗ್ಗಿದೆ. ಆಳದಲ್ಲಿ ತುಂಡು ಆಕಾಶ, ಅದರ ನಡುವೆ ನನ್ನದೇ ತಲೆ. ಮೊದಲು ಏನೂ ಕೇಳಲಿಲ್ಲ. ಆಮೇಲೆ ನೀರಿನ ಮೇಲಿಂದ, ಹತ್ತಿರದಿಂದ, ಯಾರೋ ನನ್ನ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಒಬ್ಬ ಗಂಡಸಿನ ಧ್ವನಿ ಬಂತು.

"ಲಾಭ..."

ಸ್ವಲ್ಪ ತಡೆದು, ಎಳೆದ ರಾಗದಲ್ಲಿ, "ರಡ್ಡ್... ಮೂಜಿ... ನಾಲ್..."

ನನ್ನ ಕೈಯಿಂದ ಟೇಪು ಸರ್ರನೆ ಜಾರಿತು. ಗುಂಡು ನೀರಿಗೆ ಬಿದ್ದ ಸದ್ದಿಗೆ ಎಣಿಕೆ ಒಂದು ಕ್ಷಣ ಮುಚ್ಚಿಹೋಗಿ ಮತ್ತೆ ಕೇಳಿಸಿತು. ಒಂದು ಎನ್ನುವ ಬದಲು ಲಾಭ ಎಂದು ಶುರುಮಾಡಿ ತುಳುವಿನಲ್ಲಿ ಎಣಿಸುವುದು ಇಲ್ಲಿ ಭತ್ತ ಅಳೆಯುವವರ, ಲೋಡು ಹೊರುವವರ ವಾಡಿಕೆ. ಆದರೆ ನೀರಿನೊಳಗೆ ಯಾರು ಏನನ್ನು ಎಣಿಸುತ್ತಾರೆ?

"ಯಾವಾಗಿಂದ ಅಮ್ಮಾ ಇದು?"

"ಎರಡು ವರ್ಷ ಆಯ್ತು. ಇವರಿಗೆ ಹೇಳಿದ್ರೆ ನಿನಗೆ ಭ್ರಮೆ ಅಂತಾರೆ. ಇವರು ಬಾವಿ ಹತ್ತಿರ ಬರುದೇ ಬೆಳಿಗ್ಗೆ ಅಭಿಷೇಕದ ನೀರಿಗೆ. ಆಗ ಇರುದಿಲ್ಲ. ಬಿಸಿಲೇರಿದ ಮೇಲೆ ಶುರು. ಊರವರಿಗೆ ಹೇಳಿದ್ರೆ ಭೂತ ಅಂತ ಹೇಳಿಯಾರು, ಬಸದಿಗೆ ಜನ ಬರುದು ನಿಲ್ತದೆ. ಶುಕ್ರವಾರ ಮಾತ್ರ ಈ ಗಂಡಸರು ಇರುದಿಲ್ಲ."

ಶುಕ್ರವಾರ ಎಂದದ್ದೇ ನನಗೆ ಹೊಳೆಯಿತು. ಹಾಜಿಯವರ ಕೋರೆಗೆ ರಜೆ ಶುಕ್ರವಾರ. ಕೋರೆ ಆ ಮನೆಯಿಂದ ಕಾಣುವುದಿಲ್ಲ. ನಡುವೆ ಇಡೀ ಗುಡ್ಡ ಅಡ್ಡ ಇದೆ. ಗಾಳಿಯಲ್ಲಿ ಯಂತ್ರದ ಸದ್ದು ಕೂಡ ಅಲ್ಲಿಗೆ ಸರಿಯಾಗಿ ಕೇಳುವುದಿಲ್ಲ. ಧ್ವನಿ ಬಂದಿದ್ದರೆ ಗುಡ್ಡದ ಒಳಗಿನಿಂದಲೇ ಬಂದಿರಬೇಕು.

ಮುರಕಲ್ಲಿನ ಗಟ್ಟಿ ಪದರದ ಕೆಳಗೆ ಮೆತ್ತಗಿನ ಶೇಡಿಮಣ್ಣು ಇರುತ್ತದೆ. ಮಳೆನೀರಿಗೆ ಒಂದು ಸಂದಿ ಸಿಕ್ಕಿದರೆ ಅದು ಆ ಮಣ್ಣನ್ನು ವರ್ಷವರ್ಷವೂ ತೊಳೆದು ಒಯ್ಯುತ್ತದೆ. ಮೇಲೆ ಕಲ್ಲಿನ ಚಾವಣಿ ಹಾಗೆಯೇ ಇದ್ದು ಒಳಗೆ ಕೊಳವೆಯಂಥ ಟೊಳ್ಳು ಬೆಳೆಯುತ್ತದೆ. ಪುಸ್ತಕದಲ್ಲಿ ಓದಿದ್ದೆ. ಅದರೊಳಗಿಂದ ಮನುಷ್ಯರು ಎಣಿಸುವುದನ್ನು ಕೇಳಿರಲಿಲ್ಲ.

ಮರುದಿನ ಕೋರೆಗೆ ಹೋಗಿ ಸುತ್ತ ನೋಡಿದೆ. ಲಾರಿಗೆ ಕಲ್ಲು ಹೇರುವ ಜಾಗದ ಹಿಂದೆ, ಕೊಯ್ದ ಗೋಡೆಯ ಬುಡದಲ್ಲಿ ಕೆಲಸಗಾರರು ನೀರಿನ ಮಣ್ಣಿನ ಮಡಕೆಗಳನ್ನು ಸಾಲಾಗಿ ಇಟ್ಟಿದ್ದರು. ಇಡೀ ಕೋರೆ ಕುಲುಮೆಯ ಹಾಗೆ ಕಾಯುತ್ತಿದ್ದರೆ ಆ ಮೂಲೆ ಮಾತ್ರ ತಣ್ಣಗಿತ್ತು. ಮಡಕೆಗಳ ಹಿಂದೆ ಒಂದು ಮಾಟೆ, ಗುಡ್ಡದೊಳಗೆ ಹೋಗುವ ಬಿಲ. ಮನುಷ್ಯ ತೆವಳಿಕೊಂಡು ಹೋಗುವಷ್ಟು ಅಗಲ. ಕೈ ಒಡ್ಡಿದೆ, ಹೊರಗಿನ ಗಾಳಿ ನನ್ನ ಬೆರಳುಗಳ ನಡುವಿನಿಂದ ಒಳಗೆ ಹೋಗುತ್ತಿತ್ತು.

"ಮಧ್ಯಾಹ್ನ ಮೇಲೆ ಒಳಗೆ ಎಳೆಯುದು ಮೇಡಂ," ಎಂದ ಲೋಡು ಎಣಿಸುವ ಮೇಸ್ತ್ರಿ. "ಬೆಳಿಗ್ಗೆ ಹೊರಗೆ ಬಿಡುದು. ನಾವು ಗುಡ್ಡೆ ಉಸಿರಾಡ್ತದೆ ಅಂತ ಹೇಳುದು. ನಾನು ಇಲ್ಲಿ ನಿಂತು ಬೀಡಿ ಎಳೆದ್ರೆ ಅರ್ಧ ಗುಡ್ಡೆಯೇ ಸೇದ್ತದೆ."

ಆ ಧ್ವನಿ ನನಗೆ ಪರಿಚಿತವಾಗಿತ್ತು.

ಖಾತ್ರಿ ಮಾಡಿಕೊಳ್ಳಬೇಕಿತ್ತು. ಮಾರನೆಯ ದಿನ ಹನ್ನೊಂದು ಗಂಟೆಗೆ ಯಂತ್ರ ನಿಲ್ಲಿಸಿ, ಮಾಟೆಯ ಬಾಯಲ್ಲಿ ಕೂತು ಏನಾದರೂ ಗಟ್ಟಿಯಾಗಿ ಓದಲು ಮೇಸ್ತ್ರಿಗೆ ಹೇಳಿದೆ. ಆ ಹೊತ್ತಿಗೆ ನಾನು ಬಾವಿಕಟ್ಟೆಯಲ್ಲಿದ್ದೆ. ಇಂದ್ರರ ಹೆಂಡತಿ ನನ್ನ ಪಕ್ಕದಲ್ಲಿ ಸೆರಗು ಬಿಗಿಹಿಡಿದು ನಿಂತಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ಬಾವಿ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಶಾಲೆಯಲ್ಲಿ ಪಾಠ ಒಪ್ಪಿಸುವ ಕನ್ನಡದಲ್ಲಿ, ತಡೆದು ತಡೆದು ಓದಿತು.

"ಇವರು... ಅಲ್ಪಕಾಲದ ಅಸೌಖ್ಯದಿಂದ... ಸ್ವಗೃಹದಲ್ಲಿ ನಿಧನರಾದರು. ಮೃತರು ಪತ್ನಿ... ಮತ್ತು ಪುತ್ರಿಯರನ್ನು... ಅಗಲಿದ್ದಾರೆ."

ಮೇಸ್ತ್ರಿಯ ಕೈಗೆ ಸಿಕ್ಕಿದ್ದು ಪೇಪರಿನ ನಿಧನವಾರ್ತೆಯ ಹಾಳೆ, ಅಷ್ಟೇ. ಅವನದೇನೂ ತಪ್ಪಿಲ್ಲ. ಆದರೆ ಒಬ್ಬರಾದ ಮೇಲೆ ಒಬ್ಬರಂತೆ ಸತ್ತವರ ಸುದ್ದಿ ನೀರಿನ ಮೇಲೆ ತೇಲಿ ಬರುತ್ತಿದ್ದರೆ ನಡುಹಗಲಿನಲ್ಲೂ ನಾನು ಕಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಇಂದ್ರರ ಹೆಂಡತಿ ಕಿವಿ ಮುಚ್ಚಿಕೊಂಡು ಮನೆಯೊಳಗೆ ಹೋದರು.

ಕಚೇರಿಗೆ ಬಂದು ಹೇಳಿದೆ. ನಮ್ಮ ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬಾವಿಯಲ್ಲಿ ಮಾತು ಕೇಳಿತು ಅಂತ ವರದಿಯಲ್ಲಿ ಬರೀತೀಯಾ? ಓದಿದವರು ನಮ್ಮನ್ನು ಎಲ್ಲಿಗೆ ಕಳಿಸ್ತಾರೆ ಗೊತ್ತುಂಟಾ?" ಗಣಿ ಇಲಾಖೆಯ ಭೂವಿಜ್ಞಾನಿಯನ್ನು ಕಂಡೆ. ಅವರು ನಗಲಿಲ್ಲ. "ಟೊಳ್ಳು ಇರಬಹುದು. ಆದರೆ ಇರಬಹುದು ಅಂತ ನಾನು ಬರೆಯಲಿಕ್ಕಾಗುವುದಿಲ್ಲ. ಎಲ್ಲಿಂದ ಎಲ್ಲಿಗೆ ಅಂತ ತೋರಿಸಿ, ಕಣ್ಣಾರೆ ನೋಡಿ ಬರೆಯುತ್ತೇನೆ," ಎಂದರು. ಅದು ನ್ಯಾಯವಾದ ಮಾತು.

ತೋರಿಸಲು ನನಗೆ ಗೊತ್ತಿದ್ದ ಉಪಾಯ ಒಂದೇ. ಮಾಟೆಗೆ ಹೊಗೆ ಹಾಕುವುದು, ಎಲ್ಲೆಲ್ಲಿ ಏಳುತ್ತದೆಂದು ಕಾಯುವುದು. ಅದಕ್ಕೆ ಯಜಮಾನರ ಒಪ್ಪಿಗೆ ಬೇಕು. ಬಂಟ್ವಾಳದ ಅಂಗಡಿಯಲ್ಲಿ ಹಾಜಿಯವರು ನನ್ನ ಮಾತು ಮುಗಿಯುವವರೆಗೆ ಕೇಳಿ ಚಹಾ ತರಿಸಿದರು.

"ಗುಡ್ಡೆಯಲ್ಲಿ ಮಾಟೆ ಇಲ್ಲದೆ ಇರ್ತದಾ ಮೇಡಂ? ಮುಳ್ಳಂದಿ ತೋಡಿರ್ತದೆ. ನೀವು ಹೊಗೆ ಹಾಕುದು, ಊರವರು ಸೇರುದು, ನಾಳೆ ಪೇಪರಿನವರು ಬರುದು. ನನ್ನ ಕೋರೆ ಮುಚ್ಚಲಿಕ್ಕೆ ನಾನೇ ಬೆಂಕಿ ಕೊಡ್ಬೇಕಾ?"

"ಹಾಗಾದ್ರೆ ಈ ವರದಿಗೆ ನಾನು ಸಹಿ ಹಾಕುದಿಲ್ಲ ಹಾಜಿಯವರೇ. ಗುಡ್ಡದೊಳಗೆ ಏನುಂಟು ಅಂತ ಗೊತ್ತಿಲ್ಲದೆ ಏನೂ ತೊಂದರೆ ಇಲ್ಲ ಅಂತ ನಾನು ಬರೆಯಲಾರೆ."

ಅವರು ಚಹಾದ ಲೋಟ ಕೆಳಗಿಟ್ಟರು. "ಸಹಿ ಹಾಕುವವರು ಮಂಗಳೂರಿನಲ್ಲಿ ನೀವೊಬ್ಬರೇ ಅಲ್ಲ."

"ಗೊತ್ತುಂಟು. ಆದರೆ ಅವರನ್ನು ಕರೆಯುವ ಮೊದಲು ಒಮ್ಮೆ ಬಾವಿ ಹತ್ತಿರ ಬನ್ನಿ. ಕೇಳಿದ ಮೇಲೆ ನಿಮ್ಮಿಷ್ಟ."

ಅವರು ಜಾಣತನದ ನಗೆ ನಕ್ಕರು. "ಬರ್ತೇನೆ. ಶುಕ್ರವಾರ ನಮಾಜು ಮುಗಿಸಿ ಬರ್ತೇನೆ. ಆ ದಿನ ಕೋರೆಯಲ್ಲಿ ನರಪಿಳ್ಳೆ ಇರುದಿಲ್ಲ. ಆವತ್ತೂ ನಿಮ್ಮ ಬಾವಿ ಮಾತಾಡಿದ್ರೆ ನೀವು ಹೇಳಿದ ಹಾಗೆ ಮಾಡುವ."

ನಾನು ಸೋತೆನೆಂದೇ ಅಂದುಕೊಂಡೆ. ಕೋರೆಯಲ್ಲಿ ಜನವಿಲ್ಲದ ದಿನ ಬಾವಿಯಿಂದ ಏನು ಕೇಳೀತು? ಆದರೂ ಶುಕ್ರವಾರ ಹೋಗಿ, ಇಂದ್ರರಿಗೂ ಅವರ ಹೆಂಡತಿಗೂ ಹೊಗೆಯ ಉಪಾಯ, ಹಾಜಿಯವರ ಷರತ್ತು ಎರಡನ್ನೂ ಹೇಳಿದೆ. ಇಂದ್ರರು ಹಾಜಿಯವರನ್ನು ಆದರದಿಂದ ಬರಮಾಡಿಕೊಂಡು ಬೆಲ್ಲ, ನೀರು ಕೊಟ್ಟರು. ಎಲ್ಲರೂ ಬಾವಿಯ ಸುತ್ತ ನಿಂತೆವು. ಇಂದ್ರರ ಹೆಂಡತಿ ಮಾತ್ರ ದೂರ, ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಎಷ್ಟೋ ಹೊತ್ತು ಮೌನ. ಹಾಜಿಯವರು "ನೋಡಿದ್ರಾ?" ಎನ್ನುವ ಹಾಗೆ ನನ್ನ ಕಡೆ ತಿರುಗಿದರು.

ಬಾವಿಯೊಳಗೆ ಒಬ್ಬ ಹೆಂಗಸು ಹಾಡುತ್ತಿದ್ದಳು.

ಎಣಿಕೆಯಂತೆ ಹತ್ತಿರದ ಧ್ವನಿಯಲ್ಲ ಅದು. ತುಂಬ ದೂರ, ತುಂಬ ತಗ್ಗು. ಮಾತುಗಳು ಒಡೆದುಹೋಗಿದ್ದವು, ರಾಗ ಮಾತ್ರ ಏರಿಳಿಯುತ್ತಿತ್ತು. ಮಗುವನ್ನು ಮಲಗಿಸುವ ರಾಗವೆಂದು ಯಾರಿಗಾದರೂ ಗೊತ್ತಾಗುವಂತಿತ್ತು. ಇಂದ್ರರು ಕೈಮುಗಿದು ಮಂತ್ರ ಹೇಳತೊಡಗಿದರು. ಹಾಜಿಯವರು ಬಾವಿಕಟ್ಟೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಬಗ್ಗಿದರು.

"ಇದು ಯಾರು ಮೇಡಂ?" ಪಿಸುಮಾತಿನಲ್ಲಿ ಕೇಳಿದರು.

"ನನಗೂ ಗೊತ್ತಿಲ್ಲ."

ಮತ್ತೂ ಕೇಳಿ, ತಟ್ಟನೆ, "ಮೋನೆ ಅಂತಾಳೆ. ಮಗ ಅಂತ. ನಮ್ಮ ಭಾಷೆ ಇದು! ಬ್ಯಾರಿ ಭಾಷೆ!" ಎಂದರು.

"ಅಲ್ಲ," ಎಂದಿತು ಹಿಂದಿನಿಂದ ಒಂದು ಧ್ವನಿ. ಇಂದ್ರರ ಹೆಂಡತಿ. ಅಷ್ಟು ಗಡುಸಾಗಿ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಅದು ಯಾವ ಭಾಷೆಯೂ ಅಲ್ಲ. ಅದಕ್ಕೆ ಹೊಗೆ ಹಾಕ್ಬೇಡಿ."

ಹಾಜಿಯವರು ಹೊರಟ ಮೇಲೆ ನಾನು ಇಂದ್ರರ ಹೆಂಡತಿಯ ಅಡಿಗೆಮನೆಯಲ್ಲಿ ಕೂತೆ. ಅವರು ಒಲೆಯ ಕಡೆ ಮುಖಮಾಡಿಕೊಂಡೇ ಹೇಳಿದರು. ಒಬ್ಬಳೇ ಮಗಳು. ಎರಡು ವರ್ಷದ ಹಿಂದೆ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಸೂತಕ ಕಳೆದ ಮೇಲೆ ದಿನವೂ ಬಾವಿಕಟ್ಟೆಯಲ್ಲಿ ಕೂತು ಅಳುತ್ತಿದ್ದಾಗ, ಒಂದು ದಿನ ಒಳಗಿಂದ ಜೋಗುಳ ಕೇಳಿತು. ಗಂಡಸರ ಧ್ವನಿ ಆಮೇಲೆ ಬಂದದ್ದು. ಅದನ್ನು ನನಗೆ ಹೇಳಿದ್ದರು. ಇದನ್ನು ಗಂಡನಿಗೂ ಹೇಳಿರಲಿಲ್ಲ.

"ಎಲ್ಲೋ ಒಂದು ಕಡೆ ಮಗುವನ್ನು ಮಲಗಿಸ್ತಾ ಇದ್ದಾಳೆ ಅಂತ ನಾನು ಸಮಾಧಾನದಲ್ಲಿ ಇದ್ದೆ," ಎಂದರು. "ನೀವು ಅದಕ್ಕೂ ಲೆಕ್ಕ ಹಾಕ್ಲಿಕ್ಕೆ ಬಂದ್ರಿ."

ಬಸ್ಸಿನಲ್ಲಿ ಕೂತಾಗ ಇದನ್ನು ಇಲ್ಲಿಗೇ ಬಿಟ್ಟರೆ ಯಾರಿಗೇನು ನಷ್ಟವೆಂದೂ ಅನ್ನಿಸಿತು. ಆದರೆ ಆ ಧ್ವನಿ ಜೀವಂತ ಹೆಣ್ಣಿನದಾಗಿದ್ದರೆ, ಅವಳು ಎಲ್ಲೋ ಆ ಟೊಳ್ಳಿನ ಮೇಲೆಯೇ ಕೂತು ಹಾಡುತ್ತಿದ್ದಾಳೆ. ಮಳೆಗಾಲ ಹತ್ತಿರ ಬರುತ್ತಿದೆ. ಕೋರೆಯ ಇಡೀ ನೀರು ಎರಡೇ ದಿನದಲ್ಲಿ ಅವಳ ಕೆಳಗೆ ಹರಿದುಹೋಗುತ್ತದೆ. ಮೂಡುಬಿದಿರೆ ಬರುವಷ್ಟರಲ್ಲಿ ನಾನು ನಿರ್ಧರಿಸಿದ್ದೆ. ಬಸ್ಸಿಳಿದು ಬೂತಿನಿಂದ ಹಾಜಿಯವರಿಗೆ ಫೋನು ಮಾಡಿದೆ. ಅವರೇ ಮೊದಲು ಮಾತಾಡಿದರು. "ಹೊಗೆ ಹಾಕುವ ಮೇಡಂ. ಅವಳು ಯಾರೂಂತ ಗೊತ್ತಾಗದೆ ನನಗೆ ಊಟ ಸೇರುದಿಲ್ಲ."

ಕಮ್ಮಾರರ ಸಾಲೆಯಿಂದ ಕೈಯಲ್ಲಿ ತಿರುಗಿಸುವ ಗಾಳಿಯಂತ್ರ ತಂದೆವು. ಮಾಟೆಯ ಬಾಯಿಗೆ ಒಂದು ಕಬ್ಬಿಣದ ಡ್ರಮ್ಮು ಇಟ್ಟು, ಸುತ್ತ ಹಸಿಮಣ್ಣು ಮೆತ್ತಿ, ಡ್ರಮ್ಮಿಗೆ ಒದ್ದೆ ತೆಂಗಿನ ಸಿಪ್ಪೆ, ಹಸಿ ಸೊಪ್ಪು ತುಂಬಿ ಬೆಂಕಿ ಕೊಟ್ಟೆವು. ಗುಡ್ಡ ಉಸಿರು ಒಳಗೆಳೆಯುವ ಮಧ್ಯಾಹ್ನವನ್ನೇ ಆರಿಸಿಕೊಂಡಿದ್ದೆ. ಕೆಲಸಗಾರರನ್ನು ಪದವಿನ ನಾಲ್ಕೂ ಇಳಿಜಾರುಗಳಿಗೆ ಕಳಿಸಿ, ಹೊಗೆ ಕಂಡರೆ ಕೂಗಲು ಹೇಳಿದ್ದೆವು. ಭೂವಿಜ್ಞಾನಿಯೂ ಬಂದು ನಿಂತಿದ್ದರು. ದಪ್ಪ ಬಿಳಿ ಹೊಗೆ ಒಂದಿಷ್ಟೂ ಹೊರಗೆ ಸೋರದೆ ಗುಡ್ಡದೊಳಗೆ ಹೋಗತೊಡಗಿತು. ನೋಡಲು ಒಂದು ಥರ ಭಯವಾಗುತ್ತಿತ್ತು. ಎಷ್ಟು ಕೊಟ್ಟರೂ ನುಂಗುತ್ತಿತ್ತು.

ಬಹಳ ಹೊತ್ತು ಎಲ್ಲೂ ಏನೂ ಇಲ್ಲ. ಆಮೇಲೆ ಪೂರ್ವದಿಂದ ಕೂಗು ಬಂತು. ಬಾವಿಯ ನೀರಿನ ಮೇಲೆ ನೂಲಿನಂತೆ ಹೊಗೆ ಸುತ್ತುತ್ತಿದೆ ಎಂದು. ಇಲ್ಲಿಯವರೆಗಿನದು ನಾನು ಎಣಿಸಿದ್ದೇ. ಅಷ್ಟರಲ್ಲಿ ಪಶ್ಚಿಮದಿಂದ, ಯಾರೂ ನಿರೀಕ್ಷಿಸದ ಕಡೆಯಿಂದ ಹೆಂಗಸರ ಬೊಬ್ಬೆ ಕೇಳಿತು.

ಪಶ್ಚಿಮದ ಇಳಿಜಾರಿನಲ್ಲಿ ಸರಕಾರ ಕೊಟ್ಟ ಐದು ಸೆಂಟ್ಸಿನ ಜಾಗಗಳಲ್ಲಿ ಕಟ್ಟಿದ ಮನೆಗಳ ಒಂದು ಸಾಲು ಇತ್ತು. ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದ ಹೆಂಗಸರೆಲ್ಲ ಅಂಗಳಕ್ಕೆ ಓಡಿಬಂದಿದ್ದರು. ಸಾಲಿನ ಕೊನೆಯ ಮನೆಯ ಬಾಗಿಲಿನಿಂದ ಹೊಗೆ ಬರುತ್ತಿತ್ತು. ಹೊರಗೆ ಒಬ್ಬ ಎಳೆಯ ಹೆಂಗಸು ಮಗುವನ್ನು ಅವಚಿಕೊಂಡು ನಿಂತಿದ್ದಳು. ಗಂಡ ಸೌದಿಯಲ್ಲಿ, ಅತ್ತೆ ನೆಂಟರ ಮನೆಗೆ ಹೋಗಿದ್ದರು.

ನಾನು, ಹಾಜಿಯವರು, ಭೂವಿಜ್ಞಾನಿ ಮೂವರೂ ಮೂಗಿಗೆ ಬಟ್ಟೆ ಹಿಡಿದು ಒಳಗೆ ಹೋದೆವು. ಮಲಗುವ ಕೋಣೆಯ ಮೂಲೆಯಲ್ಲಿ ಹೆಂಚಿನ ಮಾಡಿನ ಅಡ್ಡಮರಕ್ಕೆ ಸೀರೆಯ ತೊಟ್ಟಿಲು ಕಟ್ಟಿತ್ತು. ಅದರ ನೇರ ಕೆಳಗೆ ನೆಲ ಬಿರಿದಿತ್ತು. ಆ ಬಿರುಕಿನಿಂದ ಹೊಗೆ ನಿಧಾನವಾಗಿ ಎದ್ದು ಖಾಲಿ ತೊಟ್ಟಿಲನ್ನು ತುಂಬಿಕೊಂಡು, ಅಂಚಿನಿಂದ ತುಳುಕಿ ಇಳಿಯುತ್ತಿತ್ತು. ಗಾಳಿಗೆ ತೊಟ್ಟಿಲು ಸ್ವಲ್ಪ ತೂಗುತ್ತಿತ್ತು.

ಹಾಜಿಯವರು ತಿರುಗಿ ಹೊರಗೆ ನಡೆದರು.

"ಆ ಮೂಲೆ ತಂಪು ಕಾಕಾ," ಎಂದಳು ಹುಡುಗಿ, ಹೊರಗೆ ಬಂದ ಅವರಿಗೆ. "ಫ್ಯಾನು ಬೇಡ. ಮಧ್ಯಾಹ್ನ ಮೇಲೆ ಕೆಳಗಿಂದ ತಣ್ಣಗೆ ಗಾಳಿ ಬರ್ತದೆ. ಅದಕ್ಕೇ ತೊಟ್ಟಿಲು ಅಲ್ಲಿ ಕಟ್ಟಿದ್ದು. ಮೊದಲು ಎಷ್ಟೋ ಸಲ ಸಿಮೆಂಟು ಕಲಸಿ ಹಾಕಿದ್ದೇವೆ. ಎಲ್ಲ ಒಳಗೆ ಹೋಯ್ತು."

ಭೂವಿಜ್ಞಾನಿ ಒಂದು ಸಣ್ಣ ಕಲ್ಲನ್ನು ಬಿರುಕಿನೊಳಗೆ ಬಿಟ್ಟಿದ್ದರು. ಅದು ಬಿದ್ದ ಸದ್ದು ಬರಲು ತಡವಾದದ್ದನ್ನು ನಾವಿಬ್ಬರೂ ಕೇಳಿದ್ದೆವು.

ಆ ಸಂಜೆ ಕೋರೆಯ ಅಂಚಿನಲ್ಲಿ ಕೂತು ನಕ್ಷೆಯ ಮೇಲೆ ಗೆರೆ ಎಳೆದೆ. ಕೋರೆಯಿಂದ ಒಂದು ಕವಲು ಪೂರ್ವಕ್ಕೆ, ಬಾವಿಗೆ. ಇನ್ನೊಂದು ಪಶ್ಚಿಮಕ್ಕೆ, ಆ ಸಾಲಿನ ಮನೆಗಳ ಅಡಿಗೆ. ಮಾಟೆಗೆ ಕಾಂಕ್ರೀಟು ತುಂಬಿ ಮುಚ್ಚಿದರೆ ಸಾಲದೇ ಎಂದು ಹಾಜಿಯವರು ಕೇಳಿದರು. ಮಾಟೆ ಮುಚ್ಚಬಹುದು, ಆದರೆ ಕೋರೆಯ ತಳವೇ ತೂತು. ನೀರು ನಿಂತರೆ ಬೇರೆ ದಾರಿ ಮಾಡಿಕೊಂಡು ಅಲ್ಲಿಗೇ ಹೋಗುತ್ತದೆ ಎಂದೆ. ಕೋರೆಯ ದಕ್ಷಿಣದ ಗೋಡೆ ಒಡೆದು ಕಾಲುವೆ ತೋಡಿ, ಮಳೆನೀರನ್ನು ಕೆಳಗಿನ ಹಳ್ಳಕ್ಕೆ ಬಿಡಬೇಕು. ಇನ್ನು ಒಂದು ಕಲ್ಲನ್ನೂ ಕೊಯ್ಯಬಾರದು. ಮಳೆಗಾಲದಲ್ಲಿ ಆ ಮನೆಗಳಲ್ಲಿ ಯಾರೂ ಇರಬಾರದು.

ಅವರು ಪದವಿನ ಕಡೆ ನೋಡಿದರು. "ಗಲ್ಫಿನಿಂದ ಬಂದವನು ಬಂಟ್ವಾಳದ ಅಂಗಡಿ ಪ್ರತಿ ವರ್ಷ ನೆರೆಗೆ ಮುಳುಗುದು ನೋಡಿ, ಮುಳುಗದ ಜಾಗದಲ್ಲಿ ಒಂದು ಕಸುಬು ಬೇಕು ಅಂತ ಈ ಗುಡ್ಡೆಗೆ ಬಂದೆ," ಎಂದರು. ಆಮೇಲೆ ಎದ್ದು ಲುಂಗಿ ಕೊಡವಿಕೊಂಡರು. "ತಪಾಸಣೆಯ ದಿನ ಆಫೀಸರುಗಳಿಗೆ ನೀವೆಂತ ಹೇಳುದು ಬೇಡ ಮೇಡಂ. ನಾನೇ ಹೇಳ್ತೇನೆ."

ಜಂಟಿ ತಪಾಸಣೆಗೆ ಬಂದವರನ್ನು ಅವರು ಮೊದಲು ಕರೆದುಕೊಂಡು ಹೋದದ್ದು ಕೋರೆಗಲ್ಲ, ತೊಟ್ಟಿಲಿನ ಮನೆಗೆ. ನವೀಕರಣ ಆಗಲಿಲ್ಲ. ಕಾಲುವೆ ತೋಡಲು, ಮಾಟೆ ಮುಚ್ಚಲು ಮಾತ್ರ ಅನುಮತಿ ಬಂತು. ಹಾಜಿಯವರ ಯಂತ್ರ ಆ ಪದವಿನಲ್ಲಿ ಮಾಡಿದ ಕೊನೆಯ ಕೆಲಸ ಅದು.

ಮನೆ ಖಾಲಿ ಮಾಡಿಸುವುದು ಅದಕ್ಕಿಂತ ಕಷ್ಟವಾಯಿತು. ಸಾಲಿನ ಕೆಲವರು ಶಾಲೆಯ ಕೋಣೆಗೆ, ಕೆಲವರು ನೆಂಟರ ಮನೆಗೆ ಹೋಗಲು ಒಪ್ಪಿದರು. ಕೊನೆಯ ಮನೆಯ ಹುಡುಗಿ ಒಪ್ಪಲಿಲ್ಲ. "ಅವರು ಅಲ್ಲಿ ಬಿಸಿಲಲ್ಲಿ ನಿಂತು ದುಡಿದು ಕಟ್ಟಿದ ಮನೆ. ಒಂದು ಬಿರುಕಿಗೆ ಹೆದರಿ ಬಿಟ್ಟು ಹೋದೆ ಅಂತ ಫೋನಲ್ಲಿ ಹೇಗೆ ಹೇಳ್ಲಿ?" ಎಂದಳು. ನಾನು ವಿವರಿಸಿದ್ದೆಲ್ಲ ಅವಳಿಗೆ ನಾಟಲಿಲ್ಲ. ಗುರುವಾಯನಕೆರೆಯಲ್ಲಿ ಹಾಜಿಯವರಿಗೆ ಒಂದು ಕಟ್ಟಡವಿತ್ತು. ಅದರ ಮಹಡಿಯಲ್ಲಿ ಟೈಲ್ಸ್ ತುಂಬಿಡುತ್ತಿದ್ದರು. ಅದನ್ನು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ಮೊದಲ ಮಳೆ ಬಿದ್ದ ದಿನ ಲಾರಿ ತಂದು ಅಂಗಳದಲ್ಲಿ ನಿಲ್ಲಿಸಿದರು. "ಮಗಳ ಹಾಗೆ ಹೇಳ್ತೇನೆ, ಹತ್ತು. ನಿನ್ನ ಗಂಡನಿಗೆ ನಾನು ಮಾತಾಡ್ತೇನೆ. ಮಳೆ ಬಿಟ್ಟ ಮೇಲೆ ಮನೆ ಅಲ್ಲೇ ಇದ್ರೆ ನಾನೇ ತಂದು ಬಿಡ್ತೇನೆ." ಅತ್ತೆ ಮೊದಲು ತೊಟ್ಟಿಲಿನ ಸೀರೆ ಬಿಚ್ಚಿದರು. ಆಮೇಲೆ ಅವಳೂ ಹತ್ತಿದಳು.

ಆಟಿ ತಿಂಗಳ, ಅಂದರೆ ನಡು ಮಳೆಗಾಲದ ಒಂದು ಬೆಳಿಗ್ಗೆ ಅದು ನಡೆಯಿತು. ಎಡೆಬಿಡದೆ ಮಳೆ ಸುರಿದು, ಬಂಟ್ವಾಳದಲ್ಲಿ ನೇತ್ರಾವತಿ ಪೇಟೆಗೆ ನುಗ್ಗಿ, ಹಾಜಿಯವರು ಸಿಮೆಂಟಿನ ಚೀಲಗಳನ್ನು ಅಟ್ಟಕ್ಕೇರಿಸುತ್ತಿದ್ದ ಹೊತ್ತು. ಕೋಳಿಗಳಿಗೆ ಅಕ್ಕಿ ಹಾಕಿ ಬರಲು ತನ್ನ ಮನೆಗೆ ಹೋಗಿದ್ದ ಪಕ್ಕದ ಮನೆಯಾಕೆ ನೋಡಿದಳಂತೆ. ದೊಡ್ಡ ಸದ್ದೇನೂ ಇರಲಿಲ್ಲ. ಯಾರೋ ದೀರ್ಘವಾಗಿ ಉಸಿರು ಬಿಟ್ಟ ಹಾಗೆ ಕೇಳಿತು. ತಿರುಗಿ ನೋಡುವಾಗ ಕೊನೆಯ ಮನೆಯ ಅರ್ಧ ಮಾಡು ಇರಲಿಲ್ಲ. ಮಲಗುವ ಕೋಣೆ ಇದ್ದಲ್ಲಿ ಒಂದು ಗುಂಡಿ. ಮಳೆನೀರು ನಾಲ್ಕು ಕಡೆಯಿಂದ ಅದರೊಳಗೆ ಇಳಿಯುತ್ತಿತ್ತು, ತುಂಬುತ್ತಿರಲಿಲ್ಲ. ಅದೇ ದಿನ ಗುಡ್ಡದ ಈಚೆ ಬಸದಿಯ ಬಾವಿ ಕುಂಕುಮ ಕಲಸಿದಂತೆ ಕೆಂಪಾಯಿತು. ನೀರು ತಿಳಿಯಾಗಲು ವಾರಗಳೇ ಬೇಕಾದವು. ಒಳಗಿನ ದಾರಿ ಕುಸಿದು ಮುಚ್ಚಿಹೋಗಿರಬೇಕು. ಅಂದಿನಿಂದ ಬಾವಿಯಿಂದ ಏನೂ ಕೇಳಲಿಲ್ಲ. ನಾವು ತೋಡಿದ ಕಾಲುವೆಯಿಂದ ಎಷ್ಟು ತಡೆದೆವು, ಎಷ್ಟು ತಡೆಯಲಾಗಲಿಲ್ಲ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಮಳೆ ನಿಂತ ಮೇಲೆ ನಾನು ಇಂದ್ರರ ಮನೆಗೆ ಹೋದೆ. ಅವರ ಹೆಂಡತಿ ನನ್ನನ್ನು ನೋಡಿ ಮುಖ ತಿರುಗಿಸುತ್ತಾರೆಂದು ಅಳುಕಿತ್ತು. ಅವರು ಒಂದೇ ಪ್ರಶ್ನೆ ಕೇಳಿದರು. "ಹಾಡ್ತಾ ಇದ್ದವಳು ಈಗ ಜೀವದಲ್ಲಿ ಇದ್ದಾಳಾ?"

"ಇದ್ದಾಳೆ ಅಮ್ಮಾ. ಮಗುವೂ ಚೆನ್ನಾಗಿದೆ."

"ನನ್ನನ್ನು ಒಮ್ಮೆ ಕರ್ಕೊಂಡು ಹೋಗ್ತೀರಾ?"

ಮರುದಿನ ಇಬ್ಬರೂ ಗುರುವಾಯನಕೆರೆಗೆ ಬಸ್ಸು ಹತ್ತಿದೆವು. ಅವರ ಮಡಿಲಲ್ಲಿ ಕದಳಿ ಬಾಳೆಹಣ್ಣಿನ ಒಂದು ಚಿಪ್ಪು ಇತ್ತು. ಮಹಡಿ ಹತ್ತಿ ಹೋದಾಗ ಹುಡುಗಿ ಬೀಡಿ ಕಟ್ಟುತ್ತಿದ್ದಳು. ಪಕ್ಕದ ಚಾಪೆಯಲ್ಲಿ ಮಗು ಕೂತಿತ್ತು. ಇವರು ಬಸದಿಯ ಹತ್ತಿರದ ಮನೆಯವರು, ಗುಡ್ಡದ ಆಚೆ ಬದಿ ಎಂದು ಪರಿಚಯ ಹೇಳಿದೆ. ಅವಳು ಸ್ಟೂಲು ಕೊಟ್ಟಳು. ಇಂದ್ರರ ಹೆಂಡತಿ ಕೂರಲಿಲ್ಲ.

"ಮಗುವಿಗೆ ಹಲ್ಲು ಬಂತಾ?" ಎಂದು ಮಾತ್ರ ಕೇಳಿದರು.

ಹುಡುಗಿಯ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. ಅವರನ್ನೇ ನೋಡಿದಳು. "ಈ ಸ್ವರ... ನೀವಾ?" ಎಂದಳು. "ಆ ಮೂಲೆಯಲ್ಲಿ ಅಳ್ತಾ ಇದ್ದವರು ನೀವಾ?"

ಹುಡುಗಿ ಎಲೆಯನ್ನು ಕೆಳಗಿಟ್ಟು ನೆಟ್ಟಗೆ ಕೂತಳು.

"ನಾನು ಮದುವೆಯಾಗಿ ಬಂದ ಹೊಸತು. ನೆಲದ ಕೆಳಗೆ ಯಾರೋ ಹೆಂಗಸು ಮಾತಾಡಿಕೊಂಡು ಅಳುದು ಕೇಳ್ತಿತ್ತು. ಯಾರಿಗೂ ಹೇಳ್ಲಿಲ್ಲ. ಹೆದರಿ ಮೊದಮೊದಲು ಆ ಕೋಣೆಗೇ ಹೋಗ್ತಿರ್ಲಿಲ್ಲ. ಆಮೇಲೆ ಪಾಪ ಅಂತ ಕಂಡಿತು. ಸತ್ತವರಾದ್ರೂ ಅಳುದು ಅಳುದೇ ಅಲ್ವಾ? ನನ್ನ ಉಮ್ಮ ಹಾಡುವ ಹಾಡು ಬರ್ತಿತ್ತು. ಬಿರುಕಿನ ಹತ್ತಿರ ಕೂತು ಹಾಡ್ತಿದ್ದೆ, ಕೇಳಿ ಸುಮ್ಮನಾಗ್ಲಿ ಅಂತ. ಆಗ ಇವನು ಹುಟ್ಟಿರ್ಲಿಲ್ಲ."

ಇಂದ್ರರ ಹೆಂಡತಿ ಚಾಪೆಯ ತುದಿಯಲ್ಲಿ ಕೂತರು. ಬಾಳೆಹಣ್ಣಿನ ಚಿಪ್ಪನ್ನು ನೆಲದ ಮೇಲಿಟ್ಟರು. "ಈಗ ಒಮ್ಮೆ ಹಾಡ್ತೀಯಾ?" ಎಂದರು.

ಅವಳು ನಾಚಿ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಹೊರಗೆ ಮುಖ ಮಾಡಿದೆ. ಕೆಳಗೆ ಮೂಡುಬಿದಿರೆಯ ಬಸ್ಸು ಹಾರ್ನ್ ಹಾಕುತ್ತಿತ್ತು. ಸಣ್ಣ ಧ್ವನಿಯಲ್ಲಿ ಹಾಡು ಶುರುವಾಯಿತು. ತಡೆಯಲಾರದೆ ತಿರುಗಿ ನೋಡಿದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಾರೆಂದು ಎಣಿಸಿದ್ದೆ. ಇಲ್ಲ. ಇಂದ್ರರ ಹೆಂಡತಿ ಒಂದು ಕೈಯಿಂದ ಮಗುವಿನ ಪಾದ ಹಿಡಿದುಕೊಂಡು, ರೆಪ್ಪೆ ಮಿಟುಕಿಸದೆ, ಹಾಡುತ್ತಿದ್ದವಳ ತುಟಿಗಳನ್ನೇ ನೋಡುತ್ತಿದ್ದರು.